ತೂತಿನ ಕಾಸು, ಇದ್ದಿಲ ಬಸ್ಸು: ಹಿರಿಯರ ಯುದ್ಧಕಾಲದ ಬಾಲ್ಯವನ್ನು ದಾಖಲಿಸುವುದು ಹೇಗೆ?

"ನಮ್ಮಜ್ಜಿಗೆ ತೊಂಬತ್ತು ದಾಟಿದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಸ್ಕೂಲಿಗೆ ಹೋಗ್ತಿದ್ರಂತೆ. ಯುದ್ಧದ ಬಗ್ಗೆ ಹೇಳಿ ಅಂದ್ರೆ ನಂಗೇನ್ ಗೊತ್ತು ಅಂತ ಸುಮ್ಮನಾಗ್ತಾರೆ. ಹೇಗೆ ಮಾತಾಡಿಸೋದು?" ಈ ಪ್ರಶ್ನೆ ನನಗೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಅಜ್ಜಿಯ ಜಾಗದಲ್ಲಿ ತಾತ, 1965ರಲ್ಲಿ ಮೂರನೇ ಕ್ಲಾಸಿನಲ್ಲಿದ್ದ ಅತ್ತೆ, 1971ರಲ್ಲಿ ಬೆಳಕು ಹೊರಗೆ ಕಾಣದಂತೆ ಕಿಟಕಿ ಗಾಜಿಗೆ ಕಾಗದ ಅಂಟಿಸಿದ ಅಪ್ಪ ಇರುತ್ತಾರೆ, ಅಷ್ಟೇ. ಆದ್ದರಿಂದ ಕೆಲಸ ಶುರುವಾಗುವುದರಿಂದ ಮುಗಿಯುವವರೆಗೆ ಏನೇನು ಮಾಡಬೇಕು ಎಂಬುದನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲೇ ಒಂದು ಮಾತು. ಆ ಅಜ್ಜಿ ಸುಳ್ಳು ಹೇಳುತ್ತಿಲ್ಲ. ಯುದ್ಧ ಅಂದರೆ ಅವರ ಪಾಲಿಗೆ ಗಂಡಸರು ಜಗಲಿಯಲ್ಲಿ ಕೂತು ಮಾತಾಡುತ್ತಿದ್ದ ವಿಷಯ. ಅದರ ಬಗ್ಗೆ ಅವರಿಗೆ ನಿಜವಾಗಿಯೂ ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ಸೀಮೆಎಣ್ಣೆ ಇಲ್ಲದೆ ಬೇಗ ಮಲಗಿದ್ದು, ಅಕ್ಕಿಗಾಗಿ ಚೀಲ ಹಿಡಿದು ಸಾಲಿನಲ್ಲಿ ನಿಂತದ್ದು, ಒಂದೇ ಲಂಗವನ್ನು ಮೂವರು ಅಕ್ಕತಂಗಿಯರು ಉಟ್ಟದ್ದು. ನೀವು ಕೇಳಬೇಕಾದದ್ದು ಅದನ್ನೇ. ಯುದ್ಧರಂಗದಿಂದ ದೂರವಿದ್ದ ಊರುಕೇರಿಗಳ ಬದುಕು ಯುದ್ಧದಿಂದಾಗಿ ಹೇಗೆ ಬದಲಾಯಿತು ಎಂಬುದಕ್ಕೆ ಇತಿಹಾಸದವರು 'ಮನೆರಂಗ' ಎನ್ನುತ್ತಾರೆ. ಮನೆರಂಗದ ಒಳ್ಳೆಯ ಸಾಕ್ಷಿಗಳೆಂದರೆ ಆಗಿನ ಮಕ್ಕಳು. ದೊಡ್ಡವರು ಸುದ್ದಿ ಕೇಳುತ್ತಿದ್ದಾಗ ಅವರು ಅಡುಗೆಮನೆಯ ಡಬ್ಬಿಗಳನ್ನು ನೋಡುತ್ತಿದ್ದರು.

ಏನೇನು ಬೇಕು

ಒಂದು ಸ್ಮಾರ್ಟ್‌ಫೋನ್, ಚಾರ್ಜರ್, ಒಂದು ನೋಟ್‌ಬುಕ್, ಪೆನ್ಸಿಲ್, ನಾಲ್ಕಾಗಿ ಮಡಿಸಿದ ಟವೆಲ್. ದುಬಾರಿ ಮೈಕ್ ಬೇಡ. ಬೇಕಾದದ್ದು ಸಮಯ: ಒಂದೇ ಸಲ ನಾಲ್ಕು ಗಂಟೆ ಕೂರಿಸುವುದಕ್ಕಿಂತ ಮುಕ್ಕಾಲು ಗಂಟೆಯಂತೆ ನಾಲ್ಕು ದಿನ ಕೂರುವುದು ಒಳ್ಳೆಯದು. ಮೊದಲ ದಿನ ಕೇಳಿದ್ದು ರಾತ್ರಿಯೆಲ್ಲ ತಲೆಯಲ್ಲಿ ಸುಳಿದು ಎರಡನೇ ದಿನ ತಾನಾಗಿ ಬರುತ್ತದೆ.

ಹಂತ 1: ಯಾವ ಯುದ್ಧ, ಯಾವ ವಯಸ್ಸು ಎಂದು ಲೆಕ್ಕ ಹಾಕಿ

ಹುಟ್ಟಿದ ವರ್ಷದ ಪಕ್ಕ ಈ ನಾಲ್ಕು ಅವಧಿಗಳನ್ನು ಬರೆದುಕೊಳ್ಳಿ: ಎರಡನೇ ಮಹಾಯುದ್ಧ, 1939ರ ಸೆಪ್ಟೆಂಬರ್‌ನಿಂದ 1945ರ ಆಗಸ್ಟ್‌ವರೆಗೆ. ಚೀನಾ ಯುದ್ಧ, 1962ರ ಅಕ್ಟೋಬರ್ 20ರಿಂದ ನವೆಂಬರ್ 21. ಪಾಕಿಸ್ತಾನದೊಂದಿಗೆ 1965ರ ಆಗಸ್ಟ್–ಸೆಪ್ಟೆಂಬರ್. ಮತ್ತೆ 1971ರ ಡಿಸೆಂಬರ್ 3ರಿಂದ 16. ನಾಲ್ಕು ವರ್ಷಕ್ಕಿಂತ ಚಿಕ್ಕ ವಯಸ್ಸಿನದಾದರೆ ಅದು ಬಹುಮಟ್ಟಿಗೆ ಮನೆಯವರಿಂದ ಕೇಳಿದ ಕಥೆ. ಅದೂ ಬೇಕು, ಆದರೆ 'ಕೇಳಿದ್ದು' ಎಂದು ಗುರುತು ಹಾಕಿ.

ದಸ್ತಾವೇಜಿನಲ್ಲಿರುವ ಜನ್ಮದಿನಾಂಕವನ್ನು ನಂಬಬೇಡಿ. ಸ್ಕೂಲಿಗೆ ಸೇರಿಸುವಾಗ ಮೇಷ್ಟರು ಬರೆದುಕೊಂಡ ದಿನಾಂಕವೇ ಎಷ್ಟೋ ಜನರ ದಾಖಲೆ. ಜಾತಕ ಇದ್ದರೆ ಅದನ್ನು ನೋಡಿ.

ಹಂತ 2: ಅವರ ಊರು ಆಗ ಯಾರ ಆಡಳಿತದಲ್ಲಿತ್ತು ಎಂದು ತಿಳಿದುಕೊಳ್ಳಿ

ಅತಿ ಹೆಚ್ಚು ಜನ ಬಿಟ್ಟುಬಿಡುವ ಹಂತ ಇದು. ಆಮೇಲೆ ಎಲ್ಲ ಗೊಂದಲವೂ ಇಲ್ಲಿಂದಲೇ ಹುಟ್ಟುತ್ತದೆ. ಮಹಾಯುದ್ಧದ ಕಾಲಕ್ಕೆ ಕರ್ನಾಟಕ ಎಂಬ ರಾಜ್ಯವೇ ಇರಲಿಲ್ಲ. ಮೈಸೂರು, ಹಾಸನ, ತುಮಕೂರು, ಶಿವಮೊಗ್ಗದ ಕಡೆಯವರು ಮಹಾರಾಜರ ಸಂಸ್ಥಾನದವರು. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ, ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲ ಮದ್ರಾಸಿಗೆ ಸೇರಿದ್ದವು. ಕಲಬುರಗಿ, ಬೀದರ್, ರಾಯಚೂರು ನಿಜಾಮರದು. ಕೊಡಗು ಬೇರೆಯೇ. ಬೆಂಗಳೂರಿನಲ್ಲೇ ಪೇಟೆ ಮಹಾರಾಜರದು, ದಂಡು ಪ್ರದೇಶ 1947ರ ಜುಲೈವರೆಗೆ ಬ್ರಿಟಿಷರದು.

ಇದರಿಂದ ಏನಾಗುತ್ತದೆ? ಪಡಿತರ ಶುರುವಾದ ದಿನ, ಚೀಟಿಯ ಬಣ್ಣ, ಸ್ಕೂಲಿನ ಪುಸ್ತಕ, ಪ್ರಾರ್ಥನೆಯಲ್ಲಿ ಹಾಡಿದ ಗೀತೆ, ಎಲ್ಲವೂ ಊರಿಂದೂರಿಗೆ ಬೇರೆ. ಕಲಬುರಗಿಯ ಅಜ್ಜ "ಹಾಲಿ ಸಿಕ್ಕಾ" ಎಂದರೆ ಅದು ನಿಜಾಮ ಸಂಸ್ಥಾನದ ಸ್ವಂತ ನಾಣ್ಯ. ಬ್ರಿಟಿಷ್ ರೂಪಾಯಿಗೆ ಸಮ ಎಂದುಕೊಂಡು ಬೆಲೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಹುಟ್ಟಿದ ಊರು ಮಾತ್ರವಲ್ಲ, ಆ ವರ್ಷ ಓದಿದ ಊರನ್ನೂ ಕೇಳಿ. ಎಷ್ಟೋ ಮಕ್ಕಳು ಸೋದರಮಾವನ ಮನೆಯಲ್ಲಿದ್ದು ಓದಿದವರು.

ಹಂತ 3: ಕೈಗೆ ಏನಾದರೂ ಕೊಡಿ

ಬರಿಗೈಲಿ ಹೋಗಬೇಡಿ. ಮುಟ್ಟಿದರೆ ನೆನಪು ಏಳುತ್ತದೆ. ಮಹಾಯುದ್ಧದ ಕಾಲದವರಿಗೆ ಎಲ್ಲಕ್ಕಿಂತ ಒಳ್ಳೆಯ ವಸ್ತು ತೂತಿನ ಕಾಸು. ತಾಮ್ರ ಉಳಿಸಲೆಂದು 1943ರಿಂದ 1947ರವರೆಗೆ ಸರ್ಕಾರ ಒಂದು ಪೈಸೆಯ ನಾಣ್ಯವನ್ನು ನಡುವೆ ದೊಡ್ಡ ತೂತು ಬಿಟ್ಟು ಅಚ್ಚು ಹಾಕಿಸಿತು. ಹಳೆಯ ಪೆಟ್ಟಿಗೆಗಳಲ್ಲಿ ಈಗಲೂ ಸಿಗುತ್ತದೆ.

"ನಂಗೇನೂ ನೆನಪಿಲ್ಲಪ್ಪ" ಎಂದು ಎರಡು ದಿನ ಸತಾಯಿಸಿದ ಒಬ್ಬ ಅಜ್ಜಿಯ ಅಂಗೈಗೆ ನಾನು ಆ ಕಾಸನ್ನು ಹಾಕಿದೆ. ಅವರು ನೋಡಲಿಲ್ಲ. ಹೆಬ್ಬೆರಳು ನೇರವಾಗಿ ತೂತಿಗೆ ಹೋಯಿತು, ಅಲ್ಲೇ ಒಂದು ಸುತ್ತು ತಿರುಗಿತು. ಆಮೇಲೆ ಸೆರಗಿನ ತುದಿಯನ್ನು ಹುರಿ ಮಾಡಿ ಆ ತೂತಿನಲ್ಲಿ ತೂರಿಸಿ, ಗಂಟು ಹಾಕಿ, ಎಳೆದು ನೋಡಿ "ಹಿಂಗೆ. ಬಿದ್ದೋದ್ರೆ ಅಮ್ಮ ಹೊಡೀತಿದ್ಲು" ಎಂದರು. ಅಲ್ಲಿಂದ ಮುಕ್ಕಾಲು ಗಂಟೆ ನಾನು ಬಾಯಿ ತೆರೆಯಬೇಕಾಗಲಿಲ್ಲ.

1971ರವರಿಗೆ ಆ ಕಾಲದ ಒಂದು ಕಾಗದ ಅಥವಾ ಲಕೋಟೆ ಸಾಕು. ಬಾಂಗ್ಲಾ ನಿರಾಶ್ರಿತರ ನೆರವಿಗೆಂದು 1971ರ ನವೆಂಬರ್ 15ರಿಂದ 1973ರ ಮಾರ್ಚ್ 31ರವರೆಗೆ ಅಂಚೆಗೆ ಐದು ಪೈಸೆ ಹೆಚ್ಚುವರಿ ಚೀಟಿ ಅಂಟಿಸಬೇಕಿತ್ತು. ಅದನ್ನು ತರಲು ಅಂಚೆ ಕಚೇರಿಗೆ ಓಡುತ್ತಿದ್ದವರು ಮಕ್ಕಳೇ. ಪಾವು, ಸೇರು, ಚಿಮಣಿ ದೀಪ, ಹಳೆಯ ಗ್ರೂಪ್ ಫೋಟೋ, ಯಾವುದಾದರೂ ಸರಿ.

ಹಂತ 4: ಒಪ್ಪಿಗೆ ಕೇಳಿ, ರೆಕಾರ್ಡ್ ಮಾಡುವ ಜಾಗ ಸಿದ್ಧಮಾಡಿ

ಮನೆಯವರೇ ಆದರೂ ಕೇಳಿ. ರೆಕಾರ್ಡ್ ಮಾಡುತ್ತಿದ್ದೀರಿ, ಯಾರು ಕೇಳಬಹುದು, ಎಲ್ಲಿಡುತ್ತೀರಿ ಎಂದು ಹೇಳಿ, ಅವರು ಒಪ್ಪಿದ ಮಾತು ರೆಕಾರ್ಡಿಂಗ್‌ನ ಮೊದಲಲ್ಲೇ ಇರಲಿ. "ಇದನ್ನ ಬರೀಬೇಡ" ಎಂದರೆ ಬರೆಯಬೇಡಿ. ಅವರು ತೀರಿಕೊಂಡ ಮೇಲೂ ಬರೆಯಬೇಡಿ.

ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಒಂದು ಸಲ ನಾನಿದನ್ನು ಮರೆತೆ. ನಡುವೆ ಕರೆ ಬಂತು, ರೆಕಾರ್ಡಿಂಗ್ ಅಲ್ಲಿಗೇ ನಿಂತಿತು, ನನಗೆ ಗೊತ್ತಾಗಲಿಲ್ಲ. ಅಣ್ಣನ ಸಾವಿನ ತಂತಿ (ಟೆಲಿಗ್ರಾಂ) ಬಂದ ದಿನವನ್ನು ಆ ಹಿರಿಯರು ಹೇಳಿದ್ದು ಆಮೇಲಿನ ಇಪ್ಪತ್ತು ನಿಮಿಷದಲ್ಲಿ. ಇನ್ನೊಮ್ಮೆ ಹೇಳಿ ಎನ್ನಲು ನನಗೆ ಬಾಯಿ ಬರಲಿಲ್ಲ.

ಮಡಿಸಿದ ಟವೆಲ್ ಮೇಲೆ, ಅವರಿಂದ ಒಂದು ಮೊಳ ದೂರದಲ್ಲಿ ಫೋನ್ ಇಡಿ. ಮೇಜಿನ ಸದ್ದು ಒಳಗೆ ಹೋಗುವುದಿಲ್ಲ. ಫ್ಯಾನು, ಟಿವಿ, ಮಿಕ್ಸಿ ಬಂದ್. ಕುಕ್ಕರ್ ಕೂಗುವ ಹೊತ್ತು ಬೇಡ. ಒಂದು ನಿಮಿಷ ರೆಕಾರ್ಡ್ ಮಾಡಿ ಕೇಳಿ ನೋಡಿದ ಮೇಲೆಯೇ ಮುಂದುವರಿಯಿರಿ.

ಮಗ, ಸೊಸೆ, ಮೊಮ್ಮಕ್ಕಳೆಲ್ಲ ಸುತ್ತ ಕೂರುವುದು ಬೇಡ. "ಅಲ್ಲಮ್ಮ, ಅದು ಹಾಗಲ್ಲ" ಎನ್ನುವ ಒಬ್ಬ ಮಗ ಸಾಕು, ಇಡೀ ದಿನ ಕೆಡಿಸಲು. ಅದೇ ಓರಗೆಯ ತಂಗಿಯೋ ಗೆಳತಿಯೋ ಇದ್ದರೆ ಧಾರಾಳವಾಗಿ ಕೂರಿಸಿ. ಒಬ್ಬರ ಮಾತು ಇನ್ನೊಬ್ಬರದನ್ನು ಎಬ್ಬಿಸುತ್ತದೆ.

ಹಂತ 5: ಪ್ರಶ್ನೆಗಳು

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಮೂರು ನಿಯಮ ಹೇಳುತ್ತೇನೆ. ಹೌದು-ಇಲ್ಲ ಎಂದು ಉತ್ತರ ಬರುವ ಪ್ರಶ್ನೆ ಬೇಡ. ಉತ್ತರವನ್ನು ಒಳಗೆ ಇಟ್ಟುಕೊಂಡ ಪ್ರಶ್ನೆ ಬೇಡ: "ತುಂಬಾ ಭಯ ಆಗ್ತಿತ್ತು ಅಲ್ವಾ?" ಎಂದರೆ ಅವರು ಸೌಜನ್ಯಕ್ಕೆ ಹೂಂ ಎನ್ನುತ್ತಾರೆ, ನಿಮ್ಮ ಕಲ್ಪನೆ ಅವರ ನೆನಪಾಗಿ ದಾಖಲಾಗುತ್ತದೆ. ಮೂರನೆಯದು, ಅವರ ಮಾತಿನಲ್ಲೇ ಕೇಳಿ. ಧಾರವಾಡದ ಕಡೆಯವರಿಗೆ ಅದು 'ಸಾಲಿ', ಹಳೇ ಮೈಸೂರಿನವರಿಗೆ 'ಇಸ್ಕೂಲು'. 'ಪಡಿತರ ವ್ಯವಸ್ಥೆ' ಎಂದರೆ ಮುಖ ನೋಡುತ್ತಾರೆ. 'ರೇಷನ್', 'ಕಂಟ್ರೋಲ್ ಅಂಗಡಿ', 'ಕಾಳಸಂತೆ' ಎಂದರೆ ಮಾತು ಹರಿಯುತ್ತದೆ. ರೈತರ ಮನೆಯವರಾದರೆ 'ಲೆವಿ' ಎಂದು ಕೇಳಿ. ಬೆಳೆದ ಧಾನ್ಯದಲ್ಲಿ ಇಷ್ಟು ಪಾಲನ್ನು ನಿಗದಿ ಬೆಲೆಗೆ ಸರ್ಕಾರಕ್ಕೆ ಒಪ್ಪಿಸಲೇಬೇಕು ಎಂಬ ಕಟ್ಟಳೆ ಅದು.

ಊಟದಿಂದ ಶುರುಮಾಡಿ. 1942ರಲ್ಲಿ ಬರ್ಮಾ ಜಪಾನೀಯರ ಕೈಸೇರಿತು, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಅದರ ಬಿಸಿ ನಮ್ಮ ಅಡುಗೆಮನೆಗಳಿಗೂ ತಟ್ಟಿತು. ಆದ್ದರಿಂದ ಕೇಳಿ: ಅಕ್ಕಿ ಇಲ್ಲದ ದಿನ ತಟ್ಟೆಗೆ ಏನು ಬರುತ್ತಿತ್ತು? ಮೊದಲು ಯಾರು ಉಣ್ಣುತ್ತಿದ್ದರು, ಕೊನೆಗೆ ಯಾರು? ಸಕ್ಕರೆ ಎಲ್ಲಿ ಬಚ್ಚಿಡುತ್ತಿದ್ದರು? ಸಾಲಿನಲ್ಲಿ ನಿಲ್ಲುತ್ತಿದ್ದದ್ದು ಯಾರು, ಚೀಟಿ ಯಾರ ಕೈಯಲ್ಲಿ? "ಅಮ್ಮ ಕೊನೆಗೆ" ಎಂಬ ಉತ್ತರ ಬಂದಾಗ ಮುಂದಿನ ಪ್ರಶ್ನೆಗೆ ಓಡಬೇಡಿ. ಅಮ್ಮನಿಗೆ ಉಳಿಯುತ್ತಿತ್ತಾ ಎಂದು ಮೆಲ್ಲಗೆ ಕೇಳಿ, ಕಾಯಿರಿ.

ಆಮೇಲೆ ಬಟ್ಟೆ, ಬೆಳಕು. ಬಟ್ಟೆಗೆ 1943ರಿಂದ ಸರ್ಕಾರದ ನಿಯಂತ್ರಣ ಬಂತು. ಹಬ್ಬಕ್ಕೆ ಹೊಸ ಬಟ್ಟೆ ಬಂತೇ, ಹರಿದದ್ದನ್ನು ಯಾರು ಹೊಲಿದರು, ಅಕ್ಕನ ಬಟ್ಟೆ ನಿಮಗೆ ಬಂದಾಗ ಎಷ್ಟು ದೊಗಳೆ ಇತ್ತು? ಸೀಮೆಎಣ್ಣೆ ಮುಗಿದ ರಾತ್ರಿ ಪಾಠ ಹೇಗೆ ಓದಿದಿರಿ?

ಸ್ಕೂಲಿನ ಬಗ್ಗೆ ಕೇಳುವಾಗ ಒಂದು ವಿಷಯ ತಿಳಿದಿರಲಿ. 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ ಇಡೀ ದೇಶದ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿದ್ದರು. "ಕತ್ತಲಲ್ಲೇ ಇಸ್ಕೂಲಿಗೆ ಹೋಗ್ತಿದ್ವಿ" ಎಂದರೆ ಅದು ಉತ್ಪ್ರೇಕ್ಷೆ ಎಂದು ತಳ್ಳಿಹಾಕಬೇಡಿ. ಹಾಗೆಯೇ "ಇಸ್ಕೂಲು ಮುಚ್ಚಿದ್ರು" ಎಂದರೆ ಯುದ್ಧದಿಂದ ಎಂದು ನೀವೇ ತೀರ್ಮಾನಿಸಬೇಡಿ. 1942ರ ಆಗಸ್ಟ್‌ನಿಂದ ಕ್ವಿಟ್ ಇಂಡಿಯಾ ಚಳವಳಿಯ ಮುಷ್ಕರಗಳಿಗೂ ಶಾಲೆಗಳು ಮುಚ್ಚಿದವು. ಮಗುವಿನ ಕಣ್ಣಿಗೆ ಇವೆರಡೂ ಒಂದೇ ಗಲಾಟೆ. ಶಿವಮೊಗ್ಗ ಜಿಲ್ಲೆಯ ಈಸೂರು ಆ ವರ್ಷ ತನ್ನನ್ನು ಸ್ವತಂತ್ರ ಎಂದು ಸಾರಿಕೊಂಡಾಗ ಅಮಲ್ದಾರ (ತಾಲ್ಲೂಕಿನ ಅಧಿಕಾರಿ), ಸಬ್‌ಇನ್ಸ್‌ಪೆಕ್ಟರ್ ಎಂದು ಹೆಸರಿಸಿದ್ದು ಇಬ್ಬರು ಹುಡುಗರನ್ನೇ. ಆ ಸೀಮೆಯವರನ್ನು ಮಾತಾಡಿಸುತ್ತಿದ್ದರೆ ಇದನ್ನು ಕೇಳದೆ ಎದ್ದು ಬರಬೇಡಿ.

ದಾರಿಯಲ್ಲಿ ಕಂಡದ್ದನ್ನು ಕೇಳಿ. ಪೆಟ್ರೋಲ್ ಅಭಾವದಿಂದ ಬಸ್ಸಿನ ಹಿಂಬದಿಗೆ ಒಂದು ಒಲೆ ಕಟ್ಟಿ, ಇದ್ದಿಲು ಉರಿಸಿ, ಆ ಅನಿಲದಿಂದ ಓಡಿಸುತ್ತಿದ್ದರು. ಹೊರಡುವ ಮುಂಚೆ ಒಬ್ಬ ಚಕ್ರ ತಿರುಗಿಸಿ ಗಾಳಿ ಊದಬೇಕಿತ್ತು. ಮಕ್ಕಳಿಗೆ ಇದೇ ಜಾತ್ರೆ. ಏರು ಬಂದಾಗ ಇಳಿದು ನೂಕಿದಿರಾ, ಮೂಗಿಗೆ ಯಾವ ವಾಸನೆ, ಬಿಳಿ ಅಂಗಿ ಏನಾಯಿತು? ಬೆಂಗಳೂರಿನವರಾದರೆ ವಿಮಾನದ ಕಾರ್ಖಾನೆ, ಗೋರಾ ಸೋಲ್ಜರ್‌ಗಳು, ಜಾಲಹಳ್ಳಿ ಕಡೆ ಇರಿಸಿದ್ದ ಇಟಲಿಯ ಯುದ್ಧಕೈದಿಗಳ ಬಗ್ಗೆ ಕೇಳಿ. 1942ರ ಏಪ್ರಿಲ್‌ನಲ್ಲಿ ಕೊಲಂಬೊ, ವಿಶಾಖಪಟ್ಟಣಗಳ ಮೇಲೆ ಜಪಾನಿನ ಬಾಂಬ್ ಬಿದ್ದ ಮೇಲೆ ಮದ್ರಾಸಿನಿಂದ ಜನ ಊರು ಬಿಟ್ಟರು. ಹಾಗೆ ಬಂದ ನೆಂಟರು ನಿಮ್ಮ ಮನೆಯಲ್ಲಿ ಎಷ್ಟು ತಿಂಗಳು ಇದ್ದರು, ಎಲ್ಲರೂ ಎಲ್ಲಿ ಮಲಗುತ್ತಿದ್ದಿರಿ?

ಆಟವನ್ನು ಮರೆಯಬೇಡಿ. ಯುದ್ಧದ ಆಟದಲ್ಲಿ ಹಿಟ್ಲರ್ ಯಾರಾಗುತ್ತಿದ್ದರು ಎಂದು ಕೇಳಿ ನೋಡಿ, ಮುಖ ಅರಳುತ್ತದೆ.

ಕೊಡಗಿನವರನ್ನು ಅಥವಾ ಸೈನಿಕರ ಮನೆಯಲ್ಲಿ ಬೆಳೆದವರನ್ನು ಮಾತಾಡಿಸುವಾಗ ಧಾಟಿ ಬೇರೆಯಿರಲಿ. ಅಲ್ಲಿ ಅಕ್ಕಿ-ಸಕ್ಕರೆಗಿಂತ ದೊಡ್ಡದು ಕಾಯುವುದು. ಅಂಚೆಯವನ ಸೈಕಲ್ ಬೆಲ್ ಕೇಳಿದಾಗ ಮನೆಯಲ್ಲಿ ಏನಾಗುತ್ತಿತ್ತು, ಕಾಗದವನ್ನು ಯಾರು ಗಟ್ಟಿಯಾಗಿ ಓದುತ್ತಿದ್ದರು, ತಂತಿ ಎಂದರೆ ಯಾಕೆ ಭಯ ಎಂದು ಕೇಳಿ.

ಹಂತ 6: ಮೌನ, ಕಣ್ಣೀರು

ಮಾತು ನಿಂತಾಗ ಮನಸ್ಸಿನಲ್ಲೇ ಹತ್ತು ಎಣಿಸಿ. ಅವರು ಹುಡುಕುತ್ತಿರುತ್ತಾರೆ. ಅತ್ತರೆ "ಬಿಡಿ ಅಜ್ಜಿ, ಬೇರೆ ಮಾತಾಡೋಣ" ಎಂದು ಅವಸರಪಡಬೇಡಿ. ನೀರು ಕೊಡಿ, ನಿಲ್ಲಿಸಲೇ ಎಂದು ಕೇಳಿ, ಅವರು ಹೇಳಿದಂತೆ ಮಾಡಿ. ಹಸಿವಿನಿಂದ, ಔಷಧಿ ಸಿಗದೆ ತೀರಿಕೊಂಡ ತಮ್ಮ-ತಂಗಿಯರ ವಿಷಯ ಬರಬಹುದು. ಎಂಬತ್ತು ವರ್ಷ ಯಾರೂ ಕೇಳಿರದ ಸಂಗತಿ ಅದು. ಅಂಥ ದಿನ ರೆಕಾರ್ಡರ್ ಆರಿಸಿದ ತಕ್ಷಣ ಚೀಲ ಹೆಗಲಿಗೇರಿಸಿ ಹೊರಡಬೇಡಿ. ಒಟ್ಟಿಗೆ ಕಾಫಿ ಕುಡಿದು, ಇಂದಿನ ಮಾತಿಗೆ ಅವರು ಮರಳಿದ ಮೇಲೆ ಏಳಿ.

ಹಂತ 7: ಕಾಲವನ್ನು ಹೊಂದಿಸುವುದು

ಮಾತಾಡುವಾಗ ತಪ್ಪು ತಿದ್ದಬೇಡಿ. ತಿದ್ದುವ ಕೆಲಸ ಮನೆಗೆ ಬಂದ ಮೇಲೆ, ನೋಟ್‌ಬುಕ್‌ನ ಅಂಚಿನಲ್ಲಿ. ಇಸವಿ ಕೇಳಿದರೆ ಹೆಚ್ಚಿನವರಿಗೆ ಬರುವುದಿಲ್ಲ. ಹಬ್ಬ, ಬೆಳೆ, ಮನೆಯ ಮದುವೆ, ಹುಟ್ಟು-ಸಾವು ಕೇಳಿದರೆ ಬರುತ್ತದೆ. ಕೆಲವರು ಸಂವತ್ಸರವನ್ನೇ ಹೇಳುತ್ತಾರೆ. ಚಿತ್ರಭಾನು ಎಂದರೆ 1942ರ ಯುಗಾದಿಯಿಂದ 43ರ ಯುಗಾದಿ, ಆಮೇಲೆ ಸ್ವಭಾನು, ತಾರಣ. ಯುದ್ಧ ಮುಗಿದದ್ದು ಪಾರ್ಥಿವದಲ್ಲಿ. 1962–63 ಶುಭಕೃತು, 1965–66 ವಿಶ್ವಾವಸು, 1971–72 ವಿರೋಧಿಕೃತು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುತ್ತದೆ, ಆದ್ದರಿಂದ ವಿಶ್ವಾವಸು ಎಂದರೆ 2025 ಕೂಡ ಆಗುತ್ತದೆ ಎಂಬುದು ನೆನಪಿರಲಿ.

ಮೈಸೂರು ಸಂಸ್ಥಾನದವರಿಗೆ ಇನ್ನೊಂದು ಗುರುತುಗಲ್ಲು ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡದ್ದು, 1940ರ ಆಗಸ್ಟ್ 3. "ದೊಡ್ಡ ಮಹಾರಾಜರು ಹೋದ ಮೇಲಾ, ಮುಂಚೆನಾ?" ಎಂದು ಕೇಳಿ.

ಸ್ವಾತಂತ್ರ್ಯಾನಂತರದ ಮೂರು ಯುದ್ಧಗಳು ಕಲಸಿಹೋಗುವುದು ಬಹಳ ಸಾಮಾನ್ಯ. ಬಿಡಿಸಲು ಹಬ್ಬಗಳೇ ದಾರಿ. 1962ರ ದೀಪಾವಳಿ ಚೀನಾ ಯುದ್ಧದ ನಡುವೆಯೇ ಬಂತು. ಅದೇ ವರ್ಷದ ಫೆಬ್ರವರಿಯಲ್ಲಿ ಅಷ್ಟಗ್ರಹ ಕೂಟದಿಂದ ಪ್ರಳಯವಾಗುತ್ತದೆಂದು ಜನ ಹೆದರಿದ್ದರು, ಅದು ನೆನಪಿಲ್ಲದ ಹಿರಿಯರು ಕಡಿಮೆ. 1965ರ ಸೆಪ್ಟೆಂಬರ್‌ನ ಕಾಳಗ ನಡೆದದ್ದು ಗಣೇಶನ ಹಬ್ಬ ಕಳೆದು ದಸರಾ ಬರುವ ಮುಂಚೆ. 1971ರದು ಧನುರ್ಮಾಸಕ್ಕೆ ಮುಂಚಿನ ಎರಡು ವಾರ, ಚಳಿಗಾಲ. ಧಾನ್ಯ ಉಳಿಸಲೆಂದು ಸೋಮವಾರ ರಾತ್ರಿ ಊಟ ಬಿಟ್ಟ ನೆನಪಾದರೆ ಅದು ಲಾಲ್ ಬಹದ್ದೂರ್ ಶಾಸ್ತ್ರಿಗಳ ಕಾಲ, 1965. ಅಮ್ಮ ಬಳೆ ಬಿಚ್ಚಿಕೊಟ್ಟ ನೆನಪು ಮಾತ್ರ ಮೋಸ ಮಾಡುತ್ತದೆ: ರಕ್ಷಣಾ ನಿಧಿಗೆ ಚಿನ್ನ ಕೊಟ್ಟದ್ದು 1962ರಲ್ಲಿ, ರಾಷ್ಟ್ರೀಯ ರಕ್ಷಣಾ ಚಿನ್ನದ ಬಾಂಡುಗಳು ಬಂದದ್ದು 1965ರಲ್ಲಿ. ಇನ್ನೊಂದು ಗುರುತು ಸಿಗುವವರೆಗೆ ಇಸವಿ ಬರೆಯಬೇಡಿ.

ಬೆಲೆಗಳನ್ನು ಅವರು ಹೇಳಿದಂತೆಯೇ ಬಿಡಿ. 1957ರ ಏಪ್ರಿಲ್ 1ಕ್ಕೆ ಮುಂಚೆ ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ, ಪೈಸೆಗೆ 3 ಪೈ. ಈಗಿನ ಪೈಸೆಗೆ ಪರಿವರ್ತಿಸಿ ಮೂಲವನ್ನು ಅಳಿಸಬೇಡಿ. ಸೇರು, ಪಾವು ಕೂಡ ಸೀಮೆಯಿಂದ ಸೀಮೆಗೆ ಬೇರೆ ಅಳತೆ.

ನೆನಪು ದಾಖಲೆಗೆ ಹೊಂದದಿದ್ದರೆ? "ನಮ್ಮೂರ ಮೇಲೆ ಜಪಾನಿನ ವಿಮಾನ ಹಾರಿತು" ಎನ್ನುತ್ತಾರೆ, ಪತ್ರಿಕೆಯಲ್ಲಿ ಸುಳಿವಿಲ್ಲ. ಅಳಿಸಬೇಡಿ. ವಿಮಾನದ ಸದ್ದಿಗೆ ಆ ಮಗು ಏನೆಂದುಕೊಂಡಿತು ಎಂಬುದೂ ಇತಿಹಾಸವೇ. ಅವರ ಮಾತು ಅವರದಾಗಿಯೇ ಇರಲಿ, ನಿಮ್ಮ ಟಿಪ್ಪಣಿ ಬೇರೆ ಇರಲಿ. ಹೋಲಿಸಿ ನೋಡಲು ದೊಡ್ಡ ಗ್ರಂಥಾಲಯಗಳ ಹಳೆಯ ಪತ್ರಿಕೆಗಳು, ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರ ನೆರವಾಗುತ್ತವೆ. ಪತ್ರಾಗಾರ ಎಂದರೆ ಸರ್ಕಾರದ ಹಳೆಯ ಕಡತಗಳ ಸಂಗ್ರಹ.

ಹಂತ 8: ಅಕ್ಷರಕ್ಕೆ ಇಳಿಸಿ, ಜೋಪಾನ ಮಾಡಿ

ಒಂದು ಗಂಟೆಯ ಮಾತನ್ನು ಬರೆದುಕೊಳ್ಳಲು ಐದಾರು ಗಂಟೆ ಬೇಕು. ಗ್ರಾಂಥಿಕ ಕನ್ನಡಕ್ಕೆ ತಿದ್ದಬೇಡಿ. "ಹೋಗ್ತಿದ್ವಿ" ಎಂದದ್ದು "ಹೋಗುತ್ತಿದ್ದೆವು" ಆದ ಕ್ಷಣ ಅಜ್ಜಿ ಮಾಯ. ಅರ್ಥವಾಗದ ಪದ ಬಂದರೆ ಊಹಿಸದೆ ಹಾಗೇ ಬರೆದು, ಮುಂದಿನ ಭೇಟಿಯಲ್ಲಿ ಕೇಳಿ. ಫೋನಿನ ತಂತ್ರಾಂಶ ತಾನೇ ಟೈಪ್ ಮಾಡಿದ್ದನ್ನು ಪದಪದವಾಗಿ ಕೇಳಿ ಸರಿಮಾಡದೆ ಇಡಬೇಡಿ. ಆಡುಮಾತು, ಊರ ಹೆಸರುಗಳಲ್ಲಿ ಅದು ಎಡವುತ್ತದೆ.

ಫೈಲಿಗೆ ಹೆಸರು, ಊರು, ರೆಕಾರ್ಡ್ ಮಾಡಿದ ದಿನಾಂಕ ಸೇರಿಸಿ ಹೆಸರಿಡಿ. "ರೆಕಾರ್ಡಿಂಗ್ 14" ಎಂದು ಬಿಟ್ಟರೆ ಎರಡು ವರ್ಷದ ಮೇಲೆ ಯಾರದೆಂದು ನಿಮಗೇ ತಿಳಿಯದು. ಮೂರು ಪ್ರತಿ ಇರಲಿ: ಒಂದು ಕಂಪ್ಯೂಟರಿನಲ್ಲಿ, ಒಂದು ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕಿನಲ್ಲಿ, ಒಂದು ಬೇರೆ ಊರಿನ ನೆಂಟರ ಮನೆಯಲ್ಲಿ. ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನು ಪ್ರತಿ ಎಂದು ಲೆಕ್ಕಿಸಬೇಡಿ. ಫೋನ್ ಬದಲಾದಾಗ ಹೋಗುತ್ತದೆ.

ಬರೆದದ್ದನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ತೆಗೆಸಿ ಹಿರಿಯರಿಗೆ ಓದಿ ಹೇಳಿ. ಆಗಲೂ ಫೋನ್ ಟವೆಲ್ ಮೇಲೆ ಇರಲಿ, ರೆಕಾರ್ಡರ್ ಆನ್ ಆಗಿರಲಿ. "ಅಯ್ಯೋ, ಇನ್ನೊಂದು ಮರೆತೇ ಹೋಗಿತ್ತು" ಎಂದು ಅವರು ಶುರುಮಾಡುವುದು ಆಗಲೇ.